ಒಸಡಿನೊಳಗೆ ಎಲುಬು ಪುನಃ ಬೆಳೆಸುವುದು: ಡಾಕ್ಟ್ರಲ್ಲಿ ಕೇಳಿ (ಗ್ರೂಪಿನಲ್ಲಿ ಕೇಳಿದವರ ಹೆಸರಿನ ಬದಲು ಊರು)

ಬದಿಯಡ್ಕ: ಡಾಕ್ಟ್ರೇ, ಅಮ್ಮನಿಗೆ 58. ಕೆಳಗಿನ ಒಂದು ದವಡೆ ಹಲ್ಲಿಗೆ ಒಸಡು ಬಿಟ್ಟಿದೆ, ಸಂದಿಯ ಆಳ 8 ಮಿ.ಮೀ. ಎಕ್ಸ್‌ರೇಯಲ್ಲಿ ಬೇರಿನ ಒಂದು ಬದಿ ಎಲುಬು ಬಾವಿಯ ಹಾಗೆ ಇಳಿದಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 9.2. ಶನಿವಾರ ಒಸಡು ಬಿಡಿಸಿ ಎಲುಬಿನ ಪುಡಿ ಹಾಕ್ತಾರಂತೆ. ಮಾಡಿಸಬಹುದಾ?

ಡಾಕ್ಟ್ರು: ಶನಿವಾರ ಬೇಡ. 9.2ರಲ್ಲಿ ಗಾಯ ಕೂಡುವುದು ಕಷ್ಟ. ಹೊಲಿಗೆ ಬಿರಿದು ಪುಡಿಯ ಮೇಲೆ ಮುಚ್ಚುವ ಪೊರೆ ಹೊರಗೆ ಕಂಡರೆ ಪುಡಿಗೂ ಸೋಂಕು. ಆ 9.2 ಇಳಿದು 7ರ ಆಸುಪಾಸಿಗೆ ಬರಲಿ. ಅಷ್ಟರಲ್ಲಿ ಬೇರಿನವರೆಗೆ ಕ್ಲೀನಿಂಗ್ ಮಾಡಿಸಿ, 6–8 ವಾರ ಬಿಟ್ಟು ಪುನಃ ಅಳೆಸಿ.

ನನಗೆ ಹೆದರಿಕೆ ಬೇರೆ. ಒಂದೇ ಹಲ್ಲು, ಒಂದೇ ಬದಿ, ಇಷ್ಟು ಆಳ. ನರ ಜೀವಂತ ಉಂಟಾ ಎಂದು ತಣ್ಣಗಿನದ್ದು ಮುಟ್ಟಿಸಿ ನೋಡಿದ್ದಾರಾ? ಬೇರಿನ ತುದಿಯ ಕೀವು ಆ ದಾರಿಯಲ್ಲಿ ಬರುತ್ತಿದ್ದರೆ ಮೊದಲು ರೂಟ್ ಕೆನಾಲ್. ಕೆಲವರಿಗೆ ಮತ್ತೆ ಪುಡಿಯೇ ಬೇಡ.

ಬೇಕಾದರೂ ಆ ಬಾವಿಯಂಥ ಕುಳಿಗೆ ಸುತ್ತ ಎಲುಬಿನ ಗೋಡೆ ಎಷ್ಟು ಉಳಿದಿದೆ ಎನ್ನುವುದು ಮುಖ್ಯ. ಮೂರಿದ್ದರೆ ಪುಡಿ ನಿಲ್ಲುತ್ತದೆ. ಒಂದೇ ಆದರೆ ಆಟಿಯ ಮಳೆಗೆ ಜರಿದ ಗದ್ದೆಯ ಕಟ್ಟಪುಣಿಯೇ (ಬದು). ಒಳಗಿನ ಕೆಂಪು ಮಾಂಸ ಪೂರ್ತಿ ಕೆರೆದು, ಬೇರು ನುಣುಪು ಮಾಡಿ, ಪುಡಿ ಸಡಿಲವಾಗಿ ತುಂಬಬೇಕು. ಗಿಡಿದರೆ ರಕ್ತ ಇಳಿಯುವುದಿಲ್ಲ. ಒಸಡಿನ ಚರ್ಮ ಎಲುಬಿಗಿಂತ ಬೇಗ ಬೆಳೆದು ಕುಳಿಗೆ ಇಳಿಯುತ್ತದೆ. ಅದನ್ನು ತಡೆಯಲು ಕೊಲ್ಯಾಜನ್ ಪೊರೆ, ಕುಳಿಯ ಅಂಚಿನಿಂದ 2–3 ಮಿ.ಮೀ. ಆಚೆಗೆ.

ಉಪ್ಪಳ: ಸ್ಕೇಲಿಂಗ್ (ಹಲ್ಲಿನ ಗಟ್ಟಿ ಕೊಳೆ ತೆಗೆಯುವುದು) ಮಾಡಿಸಿದರೆ ಹಲ್ಲು ಸಡಿಲ ಆಗ್ತದಾ?

ಡಾಕ್ಟ್ರು: ಇಲ್ಲ.

ಪೆರ್ಲ: ಬಂದ ಮೆಸೇಜ್: ಲವಂಗದೆಣ್ಣೆಗೆ ಅರಸಿನ ಕಲಸಿ ಒಸಡಿಗೆ ತುಂಬಿ, 21 ದಿನದಲ್ಲಿ ಎಲುಬು ಬರ್ತದೆ.

ಡಾಕ್ಟ್ರು: ಬರುವುದಿಲ್ಲ. ಬರಿಯ ಲವಂಗದೆಣ್ಣೆಗೆ ಒಸಡು ಬೆಂದು ಬಿಳಿಯಾಗುತ್ತದೆ. ನೋವು ಮರಗಟ್ಟಿದ್ದನ್ನು ಗುಣ ಎನ್ನಬೇಡಿ. ಇಂಥದ್ದು ಇಲ್ಲಿ ಹಾಕಲೂಬೇಡಿ.

ಮುಳ್ಳೇರಿಯ: ಆ ಪುಡಿ ದನದ ಎಲುಬಿನದ್ದಂತೆ. ಹೌದಾ?

ಪೆರ್ಲ: ಛೆ! ಹೇಳದೆ ಹಾಕುವುದಾ?

ಕುಂಬಳೆ: ಮದ್ದಿನ ಕ್ಯಾಪ್ಸೂಲ್ ಎಂತದ್ದರಲ್ಲಿ ಮಾಡ್ತಾರೆ ಗೊತ್ತುಂಟಾ ಅಣ್ಣ? ಅದು ದಿನಾ ನುಂಗ್ತೀರಲ್ಲ.

ಪೆರ್ಲ: ನಾನು ನಿಮ್ಮಲ್ಲಿ ಕೇಳಲಿಲ್ಲ.

ಕುಂಬಳೆ: ಗ್ರೂಪಿನಲ್ಲಿ ಕೇಳಿದ್ದು ಮಾರಾಯ್ರೇ.

ಡಾಕ್ಟ್ರು: ದನದ್ದೂ ಉಂಟು, ಮನುಷ್ಯರದ್ದೂ ಉಂಟು, ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ಕೂಡ. ಪೊರೆಯೂ ಹೆಚ್ಚಾಗಿ ಪ್ರಾಣಿಯದ್ದೇ. ಸಹಿ ಹಾಕುವ ಮೊದಲು ಯಾವುದೆಂದು ಕೇಳುವ ಹಕ್ಕು ನಿಮಗುಂಟು. ಜಗಳ ಇಲ್ಲಿ ಬೇಡ.

ಮಂಜೇಶ್ವರ: ಆಪರೇಷನ್ ಆದ ಮೇಲೆ ಬ್ರಷ್ ಯಾವಾಗ? ಖರ್ಚು ಎಷ್ಟು?

ಡಾಕ್ಟ್ರು: ಆ ಜಾಗಕ್ಕೆ ಹೊಲಿಗೆ ತೆಗೆಯುವವರೆಗೆ ಬ್ರಷ್ ಇಲ್ಲ. 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ಬಾಯಿ ಮುಕ್ಕಳಿಸಿ, ದಿನಕ್ಕೆ ಎರಡು ಸಲ, ಎರಡು ವಾರ. ಆರು ತಿಂಗಳು ಅಲ್ಲಿ ಕಡ್ಡಿ ಇಳಿಸಿ ಅಳೆಯಲು ಬಿಡಬೇಡಿ. ಬೀಡಿ, ಎಲೆಯಡಿಕೆಗೆ ಹೊಗೆಸೊಪ್ಪು ಬಿಡದವರು ಆಪರೇಷನಿಗೆ ಹೋಗದೆ ದುಡ್ಡು ಉಳಿಸಿಕೊಳ್ಳಿ.

ನೀರ್ಚಾಲು: ಸ್ಕೇಲಿಂಗಿನಿಂದ ಹಲ್ಲು ಅಲುಗ್ತದೆ ಹೇಳ್ತಾರಲ್ಲ?

ಡಾಕ್ಟ್ರು: ಮೇಲೆ ಓದಿ.

ಮಂಜೇಶ್ವರ: ಖರ್ಚು ಹೇಳಲಿಲ್ಲ ಡಾಕ್ಟ್ರೇ.

ಪೆರ್ಲ: ಎಳ್ಳೆಣ್ಣೆ ಮುಕ್ಕಳಿಸಿದರೂ ಎಲುಬು ಬರುದಿಲ್ವಾ?

ಬದಿಯಡ್ಕ: ತಣ್ಣಗಿನದ್ದು ಮುಟ್ಟಿಸಿಯೇ ನೋಡಲಿಲ್ಲ ಡಾಕ್ಟ್ರೇ. ಶನಿವಾರದ್ದು ಬೇಡ ಹೇಳಿದೆ.