ಎದ್ದ ದಾರಿ 275

ಕ್ಯಾಲಿಫೋರ್ನಿಯಾದಲ್ಲೂ 275 ಅಂತ ಒಂದು ಹೆದ್ದಾರಿ ಇದೆ ಅಂತ ಗುಂಡಣ್ಣ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಮಂಡ್ಯದಿಂದ ಹೊಸದಾಗಿ ಬಂದು ಹಿಂದಿನ ಸೀಟಲ್ಲಿ ತೂಕಡಿಸ್ತಿದ್ದ ಸೀನ ಎದ್ದು ಕೂತ.

"ನಮ್ ಬೆಂಗ್ಳೂರು–ಮೈಸೂರು ರೋಡೂ 275 ಕಣಣ್ಣ! ಹಂಗಾರೆ ವಡೆಗೆ ಎಲ್ ನಿಲ್ಲಿಸ್ತೀಯಾ?"

"ಬ್ರೇಕ್ ಒತ್ತೋದ್ರೊಳಗೆ ಮುಗಿದುಹೋಗುತ್ತೆ. ಬರೀ ಒಂದು ಸೇತುವೆ, 737 ಅಡಿ."

"ಅಡಿನಾ? ನಮ್ಮೂರ ಮದುವೆ ಊಟದ ಪಂಕ್ತಿನೇ ಅದಕ್ಕಿಂತ ಉದ್ದ ಐತೆ!"

ನಾನು ಸಮಜಾಯಿಷಿ ಕೊಟ್ಟೆ. ಮೊದಲು ಹೀಗಿರಲಿಲ್ಲ. ಇಂಟರ್‌ಸ್ಟೇಟ್ ಅನ್ನೋ ದೊಡ್ಡ ಹೆದ್ದಾರಿಯಿಂದ ಕವಲೊಡೆದು, ವೆಸ್ಟ್ ಸ್ಯಾಕ್ರಮೆಂಟೊ ಹಾದು, ನದಿ ದಾಟಿ ಸ್ಯಾಕ್ರಮೆಂಟೊ ಊರೊಳಗೆ ಹೋಗ್ತಿತ್ತು. ಆಮೇಲೆ ರಾಜ್ಯದವರು ಆ ದಡದ ರಸ್ತೆ ಆ ಊರಿಗೆ, ಈ ದಡದ್ದು ಈ ಊರಿಗೆ ಬರೆದುಕೊಟ್ಟರು. ಉಳಿದದ್ದು ನಡುವಿನ ಟವರ್ ಬ್ರಿಡ್ಜ್. ಅದಕ್ಕೆ 275 ಅನ್ನೋ ಬೋರ್ಡೂ ಇಲ್ಲ.

"ಆಸ್ತಿ ಪಾಲಾಗೈತೆ ಅನ್ನಿ," ಸೀನನಿಗೆ ತಕ್ಷಣ ಹೊಳೀತು. "ಗದ್ದೆ ಚಿಕ್ಕವನಿಗೆ, ತೆಂಗಿನ ತೋಟ ದೊಡ್ಡವನಿಗೆ, ನಡುವಿನ ಹಳೇ ಬಾವಿ ಅಪ್ಪನಿಗೆ. ಹೂಳೆತ್ತೋ ಖರ್ಚೂ ಅಪ್ಪಂದೇ."

ಅಷ್ಟರಲ್ಲಿ ಗಂಟೆ ಹೊಡೀತು, ಗೇಟು ಬಿತ್ತು. 1935ರ ಸೇತುವೆ. ಎರಡು ಗೋಪುರಗಳ ನಡುವಿನ ರಸ್ತೆ ಲಿಫ್ಟಿನ ಹಾಗೆ ಮಟ್ಟಸವಾಗಿ ಮೇಲೇರತೊಡಗಿತು. ಸೀನ ಕಿಟಕಿಯಿಂದ ಅರ್ಧ ಆಚೆ ಬಂದ.

"ಗುಂಡಣ್ಣ, ಇದು ಹೆದ್ದಾರಿ ಅಲ್ಲ, ಎದ್ದ ದಾರಿ!"

ಕೆಳಗೆ ಉದ್ದ ಕಂಬದ ಹಾಯಿದೋಣಿಯೊಂದು ಸಾಗಿತು. ಅದರಲ್ಲಿದ್ದ ಟೋಪಿಯವನು ನಮ್ಮ ಕಡೆ ಕಣ್ಣೂ ಹಾಯಿಸದೆ ಬಾಳೆಹಣ್ಣು ಸುಲೀತಿದ್ದ.

"ಒಂದು ಬಾಳೆಹಣ್ಣಿಗಾಗಿ ಇಡೀ ಸ್ಟೇಟ್ ಹೈವೇ ಬಂದ್!" ಅಂತ ಗುಂಡಣ್ಣ ಸ್ಟೀರಿಂಗ್ ಕುಟ್ಟಿದ.

"ಬಣ್ಣ ಯಾಕಣ್ಣ ಹಿಂಗೈತೆ?"

ಯಾವ ಬಣ್ಣ ಬಳಿಯಬೇಕು ಅಂತ ಜನರ ಹತ್ರ ಓಟು ಹಾಕಿಸಿದ್ರು, ಬಂಗಾರ ಗೆದ್ದಿತು, 2002ರಲ್ಲಿ ಬಳಿದರು ಅಂದೆ. ಸೀನ ಕಣ್ಣು ಕಿರಿದು ಮಾಡಿ ನೋಡಿದ.

"ಓಟು ಹಾಕಿದ್ದು ಬಂಗಾರಕ್ಕೆ, ಬಂದಿದ್ದು ಒಂದು ಗ್ರಾಂ ಗೋಲ್ಡು. ನಮ್ಮಲ್ಲೂ ಎಲೆಕ್ಷನ್ ಆದ್ಮೇಲೆ ಹಿಂಗೇ ಆಗೋದು."

ರಸ್ತೆ ಇಳೀತು, ಗೇಟು ಎದ್ದಿತು. ಸೀನ ಬ್ಯಾಗಿನ ತಳದಿಂದ ಪೇಪರ್ ಸುತ್ತಿದ ಮದ್ದೂರು ವಡೆ ತೆಗೆದ. ಊರಿಂದ ತಂದಿದ್ದು, ಕಲ್ಲಾಗಿತ್ತು.

"275 ಅಂದ್ಮೇಲೆ ತಿನ್ನಲೇಬೇಕು," ಅಂತ ಒಂದು ಚೂರು ಕಟುಂ ಅಂತ ಕಡಿದ.

ಅದು ಬಾಯಲ್ಲಿ ನೆನೆಯೋಕೆ ಮುಂಚೆನೇ ಎದುರಿಗೆ ಕ್ಯಾಪಿಟಲ್, ಅಂದ್ರೆ ಇಲ್ಲಿನ ವಿಧಾನಸೌಧದ ಗುಮ್ಮಟ ಕಂಡಿತು.

"ಲೋ, ಹೈವೇ ಮುಗೀತು," ಅಂದ ಗುಂಡಣ್ಣ.

ಸೀನ ಬಾಯಿ ತುಂಬಿಕೊಂಡೇ, ಹಿಂದಕ್ಕೆ ತಿರುಗಿಸು ಅಂತ ಕೈಸನ್ನೆ ಮಾಡಿದ.