ಲಿವರ್ ಆಪರೇಷನ್‌ಗೆ ಮುಂಚೆ 500 ಮಿ.ಗ್ರಾಂ. ಸ್ಟಿರಾಯ್ಡ್: ಊರಿಗೆ ಬಂದ ಮೇಲೆ ನಾವೇನು ನೋಡಬೇಕು?

ಅಘನಾಶಿನಿ ದಂಡೆ:
ಕುಮಟಾ, ಹೊನ್ನಾವರದ ಕಡೆಯವರು ಲಿವರ್ ಗಡ್ಡೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ವಾರ, ಹತ್ತು ದಿನಕ್ಕೆ ವಾಪಸ್ ಬರುತ್ತಾರೆ. ಆಮೇಲಿನ ಡ್ರೆಸ್ಸಿಂಗ್, ರಕ್ತಪರೀಕ್ಷೆ ತಾಲೂಕಿನಲ್ಲೇ. ಕೆಲವರ ಡಿಸ್ಚಾರ್ಜ್ ಚೀಟಿಯಲ್ಲಿ ‘ಮೀಥೈಲ್‌ಪ್ರೆಡ್ನಿಸೊಲೋನ್ 500 ಮಿ.ಗ್ರಾಂ., ಒಂದೇ ಡೋಸ್’ ಎಂದಿರುತ್ತದೆ. ಈ ಸ್ಟಿರಾಯ್ಡ್ ಇಷ್ಟು ದೊಡ್ಡ ಡೋಸಿನಲ್ಲಿ ಯಾಕೆ? ಮಾತ್ರೆ ಕೊಟ್ಟು ಇಳಿಸುತ್ತ ಬರಬೇಕೇ? ಜ್ವರ ಬಂದರೆ, ಹೊಲಿಗೆ ಕೂಡದಿದ್ದರೆ ಇದೇ ಕಾರಣವೇ?

ಶರಾವತಿ ಕಣಿವೆ:
ಇಳಿಸುವ ಮಾತ್ರೆ ಬೇಡ. ಒಂದೇ ಡೋಸಿಗೆ ಅಡ್ರಿನಲ್ ಗ್ರಂಥಿ (ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವುದು) ಮಲಗುವುದಿಲ್ಲ.

ಇನ್ನು ಈ ಸ್ಟಿರಾಯ್ಡ್ ಕೊಡುವುದು ಯಾಕೆಂದರೆ: ಲಿವರ್ ಕತ್ತರಿಸುವಾಗ ರಕ್ತ ಹರಿಯದಂತೆ ಅದರ ಬಾಗಿಲಲ್ಲೇ ಪೋರ್ಟಲ್ ರಕ್ತನಾಳ, ಅಪಧಮನಿ ಎರಡನ್ನೂ ಒಟ್ಟಿಗೆ ಬಿಗಿಯುತ್ತಾರೆ. 1908ರಲ್ಲಿ ಪ್ರಿಂಗಲ್ ಬರೆದಿಟ್ಟ ಉಪಾಯ. ಸಾಮಾನ್ಯವಾಗಿ 15 ನಿಮಿಷ ಬಿಗಿ, 5 ನಿಮಿಷ ಸಡಿಲ, ಮತ್ತೆ ಬಿಗಿ. ಹೆಚ್ಚಿನ ಪೆಟ್ಟು ಬೀಳುವುದು ಸಡಿಲಿಸಿದಾಗ: ರಕ್ತ ನುಗ್ಗುತ್ತಿದ್ದಂತೆ ಲಿವರಿನ ಕಾವಲು ಕೋಶಗಳಾದ ಕುಪ್ಫರ್ ಕೋಶಗಳು ಐಎಲ್-6, ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ರಾಸಾಯನಿಕಗಳನ್ನು ಸುರಿದು ಉರಿಯೂತ ಎಬ್ಬಿಸುತ್ತವೆ. ಸ್ಟಿರಾಯ್ಡ್ ಕೆಲಸ ಮಾಡುವುದು ಜೀನ್‌ಗಳ ಮೂಲಕ, ಅದಕ್ಕೆ ತಾಸುಗಳು ಬೇಕು. ಹಾಗಾಗಿ ಬಿಗಿಯುವ ಮೊದಲೇ ಒಳಗೆ ಹೋಗಿರಬೇಕು.

100 ಮಿ.ಲೀ. ಸಲೈನ್‌ನಲ್ಲಿ ಕನಿಷ್ಠ ಅರ್ಧ ತಾಸು ಹರಿಸಬೇಕು. ಸಿರಿಂಜಿನಲ್ಲಿ ಒಮ್ಮೆಲೇ ನೂಕಿದರೆ ಹೃದಯದ ಲಯ ತಪ್ಪುವ ಅಪಾಯವಿದೆ. ಡೋಸಿನ ಅಂದಾಜು ಬೇಕಿದ್ದರೆ, 4 ಮಿ.ಗ್ರಾಂ. ಮೀಥೈಲ್‌ಪ್ರೆಡ್ ಎಂದರೆ 20 ಮಿ.ಗ್ರಾಂ. ಹೈಡ್ರೋಕಾರ್ಟಿಸೋನ್. ಅಂದರೆ ಈ 500, ಹೈಡ್ರೋಕಾರ್ಟಿಸೋನ್ ಲೆಕ್ಕದಲ್ಲಿ 2500! ವಾಂತಿಗೆಂದು ಕೊಡುವ 8 ಮಿ.ಗ್ರಾಂ. ಡೆಕ್ಸಾ (ಡೆಕ್ಸಾಮೆಥಾಸೋನ್, ಇನ್ನೊಂದು ಸ್ಟಿರಾಯ್ಡ್) ಇದರ ಹತ್ತನೇ ಒಂದು ಪಾಲೂ ಅಲ್ಲ. ಅದನ್ನು ಇದಕ್ಕೆ ಬದಲಿ ಎಂದುಕೊಳ್ಳಬೇಡಿ.

ಕಾಳಿ ನದಿ:
ಮೇಲಿನದು ಸರಿ. ಆದರೆ ಲಾಭವನ್ನು ಉಬ್ಬಿಸಿ ಹೇಳುವುದು ಬೇಡ. ಆಪರೇಷನ್ ಆದ ಮೊದಲ ದಿನಗಳ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಐಎಲ್-6 ಇಳಿಯುವುದು ಪ್ರಯೋಗಗಳಲ್ಲಿ ಮತ್ತೆಮತ್ತೆ ಕಂಡಿದೆ. ತೊಡಕುಗಳು ತಗ್ಗುತ್ತವೆ ಎಂಬುದಕ್ಕೆ ಆಧಾರ ಅಷ್ಟು ಗಟ್ಟಿ ಇಲ್ಲ, ಸಾವು ತಗ್ಗುತ್ತದೆ ಎಂದು ಸಾಬೀತಾಗಿಲ್ಲ. ಅಂಕಿ ಚೆಂದ ಕಂಡಿತೆಂದು ರೋಗಿ ಚೆಂದ ಇದ್ದಾನೆ ಅಂದುಕೊಳ್ಳಬಾರದು ಮಾರಾಯ್ರೆ. ಐದನೇ ದಿನದ ವರದಿ ತೆಗೆದು ನೋಡಿ: ಪ್ರೋಥ್ರಾಂಬಿನ್ (ರಕ್ತ ಹೆಪ್ಪುಗಟ್ಟುವ ಶಕ್ತಿಯ ಅಳತೆ) ಶೇ. 50ಕ್ಕಿಂತ ಕೆಳಗೆ, ಬಿಲಿರುಬಿನ್ ಸುಮಾರು 2.9 ಮಿ.ಗ್ರಾಂ.ಗಿಂತ ಮೇಲೆ, ಎರಡೂ ಇದ್ದರೆ ಲಿವರ್ ಸೋಲುತ್ತಿದೆ ಎಂದರ್ಥ. ಉಳಿಸಿದ ಲಿವರ್ ಸಾಲದೇ ಹೋದರೆ (ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾದ ಕಾಯಿಲೆ, ಇದ್ದವರಿಗೆ ಶೇ. 40ರಷ್ಟಾದರೂ ಬೇಕು) ಯಾವ ಸ್ಟಿರಾಯ್ಡೂ ಆ ಕೊರತೆ ತುಂಬದು.

ಸಕ್ಕರೆ ಕಾಯಿಲೆಯವರಿಗೆ ಈ ಸ್ಟಿರಾಯ್ಡ್ ಕೊಡಬಾರದೆಂದೇ 2016ರ ಇರಾಸ್ (ಆಪರೇಷನ್ ಆದ ಮೇಲೆ ಬೇಗ ಚೇತರಿಸಲು ಹಾಕಿಕೊಟ್ಟ ಕ್ರಮ) ಮಾರ್ಗಸೂಚಿ ಹೇಳಿತ್ತು. ಕೊಟ್ಟಿದ್ದರೆ ಮೊದಲೆರಡು ದಿನ ಸಕ್ಕರೆ ಏರುತ್ತದೆ, ಇನ್ಸುಲಿನ್‌ನಿಂದ 140–180ರಲ್ಲಿ ಇಡುತ್ತಾರೆ. ಹತ್ತನೇ ದಿನವೂ 280 ಬಂದರೆ ಸ್ಟಿರಾಯ್ಡನ್ನು ದೂರಬೇಡಿ. ಸೋಂಕು ಹುಡುಕಿ, ದಿನಕ್ಕೆ ಎಷ್ಟು ಬಟ್ಟಲು ಗಂಜಿ ಹೋಗುತ್ತಿದೆ ಎಂದೂ ಕೇಳಿ.

ಅಘನಾಶಿನಿ ದಂಡೆ:
ಹಾಗಾದರೆ ಜ್ವರ?

ಶರಾವತಿ ಕಣಿವೆ:
ಮೊದಲೆರಡು ದಿನ ಜ್ವರ, ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಪರೀಕ್ಷೆ) ಎರಡನ್ನೂ ಸ್ಟಿರಾಯ್ಡ್ ಅಡಗಿಸಬಹುದು. ಬಿಳಿ ರಕ್ತಕಣ ಮಾತ್ರ ಸೋಂಕಿಲ್ಲದೆಯೂ ಏರುತ್ತದೆ. ಮದ್ದಿನ ಪ್ರಭಾವ 12–36 ತಾಸು ಅಷ್ಟೇ. ಊರಿಗೆ ಬಂದ ಮೇಲಿನ ಜ್ವರಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಪಿತ್ತ ಸೋರಿ ಕೀವು ಕಟ್ಟಿದೆಯೇ ಎಂದು ಅದೇ ದಿನ ಅಲ್ಟ್ರಾಸೌಂಡ್ ಮಾಡಿಸಿ. ಡ್ರೈನ್ (ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ನಳಿಗೆ) ಇನ್ನೂ ಇದ್ದರೆ ಆ ನೀರಿನ ಬಿಲಿರುಬಿನ್ ಅಳೆಯಿರಿ. ರಕ್ತದ್ದರ ಮೂರು ಪಟ್ಟು ಅಥವಾ ಹೆಚ್ಚಿದ್ದರೆ ಅದು ಪಿತ್ತದ ಸೋರಿಕೆಯೇ. ಹೊಲಿಗೆಯ ಮಟ್ಟಿಗೂ ಒಂದು ಡೋಸಿನಿಂದ ಗಾಯದ ಸೋಂಕು ಸ್ಪಷ್ಟವಾಗಿ ಹೆಚ್ಚಿದ್ದು ಕಂಡಿಲ್ಲ.

ಕಾಳಿ ನದಿ:
ಇನ್ನೊಂದು, ಇಲ್ಲಿಂದ ಕಳಿಸುವಾಗಲೇ ಆಗಬೇಕಾದ್ದು. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ನೋಡಿ. ಸ್ಟಿರಾಯ್ಡ್ ಮುಂದುವರಿದರೆ ಮಲಗಿದ ವೈರಸ್ ಏಳಬಹುದು. ಉಬ್ಬಸ, ಸಂಧಿವಾತಕ್ಕೆ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ. ಅಥವಾ ಹೆಚ್ಚು, ನಾಲ್ಕು ವಾರಕ್ಕೂ ಮೀರಿ ನುಂಗುತ್ತಿರುವವರ ಹೆಸರಿನ ಮುಂದೆ ದಪ್ಪಕ್ಷರದಲ್ಲಿ ಬರೆಯಿರಿ. ಅವರ ಲೆಕ್ಕವೇ ಬೇರೆ: ಅರಿವಳಿಕೆ ಹೊತ್ತಿಗೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ., ಆಮೇಲೆ 24 ತಾಸಿಗೆ 200. ಇಲ್ಲದಿದ್ದರೆ ಬಿಪಿ ಕುಸಿದೀತು. ಮಂಡಿನೋವಿಗೆ ಸಂತೆಯಲ್ಲಿ ತಂದ ಚೀಟಿಯಿಲ್ಲದ ಪುಡಿಯನ್ನೂ ಕೇಳಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು, ಮನೆಯವರು ಅದನ್ನು ಮದ್ದು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಘನಾಶಿನಿ ದಂಡೆ:
ಪುಡಿಯ ವಿಷಯ ನಮ್ಮ ರೆಫರಲ್ ಚೀಟಿಯಲ್ಲಿ ಇರಲೇ ಇಲ್ಲ. ಸೇರಿಸುತ್ತೇನೆ.