ಅಪ್‌ಡೇಟ್: ಮಗಳು ಟ್ಯಾಮ್ಸ್ ಸೇರಿದಳು

ಹತ್ತನೇ ಕ್ಲಾಸ್ ಮುಗಿದ ಮೇಲೆ ಮಗಳನ್ನು ಡಲ್ಲಾಸ್‌ನ ಶಾಲೆಯಲ್ಲೇ ಎಪಿ ಕ್ಲಾಸುಗಳಿಗೆ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠಗಳು) ಬಿಡುವುದೋ, ಡೆಂಟನ್‌ನ ಟ್ಯಾಮ್ಸ್‌ಗೆ (ಟೆಕ್ಸಾಸ್ ಅಕಾಡೆಮಿ ಆಫ್ ಮ್ಯಾಥಮೆಟಿಕ್ಸ್ ಅಂಡ್ ಸೈನ್ಸ್) ಕಳಿಸುವುದೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಅವಳು ಟ್ಯಾಮ್ಸ್‌ಗೇ ಸೇರಿದ್ದಾಳೆ.

ಗೊತ್ತಿಲ್ಲದವರಿಗೆ: ಇದು ಟೆಕ್ಸಾಸ್ ಶಾಸನಸಭೆ 1987ರಲ್ಲಿ ಮಂಜೂರು ಮಾಡಿದ ಕಾರ್ಯಕ್ರಮ. ಮಕ್ಕಳು ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್ ಕ್ಯಾಂಪಸ್ಸಿನಲ್ಲೇ ಉಳಿದು, ಕಾಲೇಜು ಪ್ರೊಫೆಸರ್‌ಗಳ ಹತ್ತಿರ ಕಲಿಯುತ್ತಾರೆ. ಎರಡು ವರ್ಷದಲ್ಲಿ ಹೈಸ್ಕೂಲೂ (ಇಲ್ಲಿ ಹನ್ನೆರಡನೇ ಕ್ಲಾಸಿನವರೆಗೆ) ಮುಗಿಯುತ್ತದೆ, ಅಷ್ಟೇ ವರ್ಷದ ಕಾಲೇಜು ಕ್ರೆಡಿಟ್ಟೂ (ಮುಂದೆ ಡಿಗ್ರಿಗೆ ಲೆಕ್ಕಕ್ಕೆ ಬರುವ ಓದು) ಸಿಗುತ್ತದೆ. ಹಾಸ್ಟೆಲ್, ಊಟದ ಖರ್ಚು ನಮ್ಮದೇ.

ಓದು ನಿಜಕ್ಕೂ ಜಾಸ್ತಿ. ಆದರೆ ಕೆಮಿಸ್ಟ್ರಿ ಲ್ಯಾಬ್ ಬಗ್ಗೆ ಅವಳು ಫೋನಿನಲ್ಲಿ ಮಾತು ನಿಲ್ಲಿಸುವುದೇ ಇಲ್ಲ! ಮೊದಲು ಶಾಲೆ ಎಂದರೆ ಬೇಸರಪಡುತ್ತಿದ್ದ ಹುಡುಗಿ. ಮನೆಯಿಂದ ಇಷ್ಟು ಬೇಗ ದೂರ ಹೋದಳಲ್ಲ ಎಂಬ ಸಂಕಟ ಮಾತ್ರ ನಮಗೆ ಇದ್ದೇ ಇದೆ.

ಯೋಚಿಸುತ್ತಿರುವವರು ಕ್ರೆಡಿಟ್ ವಿಷಯ ಮೊದಲೇ ವಿಚಾರಿಸಿ. ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿಗಳು ಕೋರ್ ವಿಷಯಗಳ (ಎಲ್ಲ ಡಿಗ್ರಿಗೂ ಬೇಕಾದ ಸಾಮಾನ್ಯ ವಿಷಯಗಳು) ಕ್ರೆಡಿಟ್ ಒಪ್ಪಲೇಬೇಕು. ಆದರೆ ಎಂಐಟಿಯಂಥ ಖಾಸಗಿ ಯೂನಿವರ್ಸಿಟಿ ಸೇರಿದರೆ ಸಾಮಾನ್ಯವಾಗಿ ಮತ್ತೆ ಮೊದಲ ವರ್ಷದಿಂದಲೇ ಶುರು. ವರ್ಷ ಉಳಿಸಲೆಂದೇ ಕಳಿಸುವುದಾದರೆ ಇದು ದೊಡ್ಡ ವಿಷಯ ಅಲ್ವಾ? ನಾವು ಕಳಿಸಿದ್ದು ಅದಕ್ಕಲ್ಲ, ಅವಳಿಗೆ ತಕ್ಕ ಪಾಠ ಸಿಗಲಿ ಎಂದು.